ಪಂಪಿನ ಬಳಿಯೇ ನಿಲ್ಲತಕ್ಕದ್ದು

ನಾನು ಅಂಗಡಿಯೊಳಗೆ ಕಾಲಿಡಬಾರದು ಅನ್ನುವುದು ಈ ಊರಿನ ಕಾನೂನು ಎಂದು ಶೇಷಗಿರಿ ಹೇಳಿದರು. ನಗುತ್ತಾ ಹೇಳಿದರು. ನಾನು ನಂಬಲಿಲ್ಲ. ಆದರೆ ಸುಳ್ಳು ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಎಪ್ಪತ್ಮೂರನೆಯ ಇಸವಿಯ ನವೆಂಬರಿನಿಂದ ಹೊರಗೆ ನಿಂತೆ.

ಅಂಗಡಿ ಇದ್ದದ್ದು ಹಾರ್ಲೋ ಗ್ರೋವ್ ಎಂಬ ಊರಿನ ನಡುಪೇಟೆಯಲ್ಲಿ. ಅಮೆರಿಕದ ಷಿಕಾಗೋ ಹತ್ತಿರ, ಇಟಾಸ್ಕಾದಿಂದ ಎಲ್ಕ್ ಗ್ರೋವ್ ವಿಲೇಜಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಊರು. ಒಂದು ಚರ್ಚು, ಒಂದು ಬ್ಯಾಂಕು, ಒಂದು ಕ್ಷೌರದಂಗಡಿ, ಅವುಗಳ ಮಧ್ಯೆ ಶೇಷಗಿರಿಯವರ ಕಿರಾಣಿ ಅಂಗಡಿ. ಅವರು ಮೈಸೂರಿನವರು. ಎಂಜಿನಿಯರಾಗಿ ಬಂದವರು, ಕೆಲಸ ಬಿಟ್ಟು, ಒಬ್ಬ ಜರ್ಮನ್ ಮುದುಕನಿಂದ ಅಂಗಡಿ ಕೊಂಡಿದ್ದರು. ಮುಂದುಗಡೆ ಬಿಳಿಯರಿಗೆ ಹಾಲು, ಬ್ರೆಡ್ಡು, ಸಿಗರೇಟು. ಒಳಗಡೆ ನಮ್ಮವರಿಗೆ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ರವೆ, ಬಾಯಿ ತೆರೆದಿಟ್ಟ ಚೀಲಗಳಲ್ಲಿ. ಹಿತ್ತಲಲ್ಲಿ ಎರಡು ಪೆಟ್ರೋಲ್ ಪಂಪು.

ಆ ಪಂಪುಗಳ ಮೇಲೆ ಊರಿಗೆ ಮೊದಲಿಂದಲೂ ಕೆಂಗಣ್ಣು. ನಡುಪೇಟೆ ಅಂದರೆ ಜನ ನಡೆದಾಡುವ ಜಾಗ, ಅಲ್ಲಿ ಪೆಟ್ರೋಲ್ ಮಾರಾಟ ಬೇಡ ಎಂದು ಝೋನಿಂಗ್, ಅಂದರೆ ಎಲ್ಲಿ ಏನಿರಬೇಕು ಎಂಬ ಕಾನೂನು ಮಾಡಿದ್ದರು. ಜರ್ಮನ್ ಮುದುಕನ ಕಾಲದಿಂದ ಇದ್ದವು ಎಂದು ಈ ಎರಡನ್ನು ಬಿಟ್ಟಿದ್ದರು. ಬಿಟ್ಟದ್ದೂ ಕೈಕಾಲು ಕಟ್ಟಿಯೇ. ಮೂರನೆಯ ಪಂಪು ಹಾಕುವಂತಿಲ್ಲ. ಬೀದಿಗೆ ಕಾಣುವಂತೆ ಬೋರ್ಡು ಇಡುವಂತಿಲ್ಲ. ಕತ್ತಲಾದ ಮೇಲೆ ಮಾರುವಂತಿಲ್ಲ. ಟೈರಿಗೆ ಗಾಳಿ ಕೂಡ ಹಾಕುವಂತಿಲ್ಲ. ಅಂಗಡಿಯಲ್ಲಿ ದಿನಸಿ ಕೊಂಡವರಿಗೆ ಮಾತ್ರ ಪೆಟ್ರೋಲು. ಗಿರಾಕಿ ತಾನೇ ಹಾಕಿಕೊಳ್ಳಬಾರದು, ಅದಕ್ಕೊಂದು ಆಳು ಇರಬೇಕು, ಆ ಆಳು ಪಂಪಿನ ಬಳಿ ನಿಲ್ಲತಕ್ಕದ್ದು.

ನಾನು ಅಲ್ಲಿ ಸೇರಿದ್ದು ಆ ಆಳಾಗಿ ಅಲ್ಲ. ಒಳಗೆ ಬೇಳೆ ತೂಗುವ ಕೆಲಸಕ್ಕೆ ಸೇರಿದ್ದೆ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದವಳು ನಾನು. ಇಲ್ಲಿಯ ಪರೀಕ್ಷೆ ಪಾಸಾಗುವ ತನಕ ನೀನು ನರ್ಸ್ ಅಲ್ಲ ಎಂದಿದ್ದರು. ನನ್ನ ಗಂಡ ಕಲ್ಲಿನಾಥ ಡೆಟ್ರಾಯಿಟ್‌ನಲ್ಲಿ ಕೆಲಸ ಕಳೆದುಕೊಂಡು ಎಲ್ಕ್ ಗ್ರೋವ್‌ನ ಒಂದು ಮಶೀನ್ ಶಾಪಿಗೆ ಬಂದಿದ್ದ. ಮನೆಯಲ್ಲಿ ಸುಮ್ಮನೆ ಕೂತು ಓದುವುದಕ್ಕಿಂತ ಇದು ವಾಸಿ ಎಂದು ನಾನು ಅಂಗಡಿಗೆ ಹೋದೆ. ನೀಲಗಂಗಾ ಎಂಬ ಹೆಸರು ಕೇಳಿ ಶೇಷಗಿರಿಯವರ ಹೆಂಡತಿ ಕೌಸಲ್ಯಾ ನಾನು ಯಾವ ಪೈಕಿಯವಳೆಂದು ತಾವೇ ಏನೋ ಲೆಕ್ಕ ಹಾಕಿಕೊಂಡರು. ನಾನು ತಿದ್ದಲಿಲ್ಲ. ಅವರು ಕೇಳಲೂ ಇಲ್ಲ. ಒಂದು ತಿಂಗಳು ಒಳಗೇ ಇದ್ದೆ. ಅವರ ಜೊತೆ ಕಾಫಿ ಕುಡಿದೆ. ಅವರು ತಂದ ಪುಳಿಯೋಗರೆ ತಿಂದೆ.

ಆಮೇಲೆ ಒಂದು ಶನಿವಾರ ಜಯದೇವಿ ಬಂದಳು. ಡಾಕ್ಟರ್ ಪಂಚಾಕ್ಷರಿಯವರ ಹೆಂಡತಿ, ಗದಗಿನ ಕಡೆಯವಳು. ಬೇಳೆ ಕಟ್ಟಿಸಿಕೊಳ್ಳುತ್ತಾ ನನ್ನ ಮಾತು ಕೇಳಿ ಕಣ್ಣರಳಿಸಿದಳು.

"ಅಯ್ಯ, ನಮ್ಮ ಕಡೀದ ಮಾತು! ಯಾವೂರ್ರಿ ನಿಮ್ದು?"

"ರೋಣದ ಹತ್ರ ರೀ." ಹಳ್ಳಿಯ ಹೆಸರು ಹೇಳಿದೆ.

"ಅಲ್ಲೇ ಬಾಜೂಕ ನಮ್ಮ ತವರಮನಿ! ಊರಾಗ ನಿಮ್ಮನಿ ಎಲ್ಲಿ ಬರತೈತಿ? ಅಗಸಿ ಒಳಗೋ, ಹೊರಗೋ?"

ನಮ್ಮ ಕಡೆ ಊರಿಗೆ ಅಗಸಿ ಎಂದರೆ ಹೆಬ್ಬಾಗಿಲು. ಅದರ ಒಳಗೆ ಯಾರಿರುತ್ತಾರೆ, ಹೊರಗೆ ಯಾರಿರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಜಾತಿ ಎಂಬ ಮಾತೇ ಎತ್ತದೆ ಜಾತಿ ಕೇಳುವ ಜಾಣತನ ಅದು. ಹತ್ತು ಸಾವಿರ ಮೈಲಿ ದಾಟಿ ಬಂದರೂ ಆ ಜಾಣತನಕ್ಕೆ ಸುಸ್ತಾಗಿರಲಿಲ್ಲ. ನನಗೆ ಸಿಟ್ಟು ಬಂತು.

"ಹೊರಗ ರೀ," ಎಂದೆ.

"ಹಂಗೇನು," ಎಂದಳು. ನಾನು ಚಾಚಿದ ಪೊಟ್ಟಣವನ್ನು ಕೈಯಿಂದ ತೆಗೆದುಕೊಳ್ಳಲಿಲ್ಲ. ನಾನು ಕೌಂಟರಿನ ಮೇಲೆ ಇಡುವ ತನಕ ಕಾದು, ಆಮೇಲೆ ಎತ್ತಿಕೊಂಡಳು. ಹೋಗುವ ಮುಂಚೆ ಕೌಸಲ್ಯಾ ಜೊತೆ ಗಲ್ಲಾಪೆಟ್ಟಿಗೆಯ ಹತ್ತಿರ ಏನೋ ಮಾತಾಡಿದಳು. ಏನು ಮಾತಾಡಿದಳು ಎಂದು ನನಗೆ ಕೇಳಿಸಲಿಲ್ಲ.

ಸೋಮವಾರ ನಾನು ಹೋದಾಗ ಶೇಷಗಿರಿ ಬಾಗಿಲಲ್ಲೇ ಸಿಕ್ಕರು.

"ನೋಡಿ ನೀಲಗಂಗಾ, ಝೋನಿಂಗ್‌ನೋರು ತುಂಬಾ ಸ್ಟ್ರಿಕ್ಟ್ ಮಾಡ್ಬಿಟ್ಟಿದಾರೆ. ಪಂಪ್ ಹತ್ರ ಒಬ್ರು ಯಾವಾಗ್ಲೂ ನಿಂತಿರ್ಲೇಬೇಕಂತೆ. ಇನ್ಮೇಲೆ ಅದನ್ನ ನೀವೇ ನೋಡ್ಕೊಂಬಿಡಿ."

"ಗಿರಾಕಿ ಇಲ್ಲದಾಗ ಒಳಗ ಬರ್ಲೇನ್ರಿ?"

"ಬರೋ ಹಾಗಿಲ್ವಂತೆ. ಪೆಟ್ರೋಲ್ ಮುಟ್ಟೋ ಕೈಯಲ್ಲಿ ಫುಡ್ ಮುಟ್ಟಬಾರದು ಅಂತ ರೂಲು. ನಂದೇನಿದೆ ಹೇಳಿ, ಊರಿನ ಕಾನೂನು."

ಅದುವರೆಗೆ ಪಂಪು ನೋಡಿಕೊಳ್ಳುತ್ತಿದ್ದವರು ಅವರೇ. ಪೆಟ್ರೋಲ್ ಹಾಕಿ ಬಂದು, ಪ್ಯಾಂಟಿಗೆ ಕೈ ಒರೆಸಿಕೊಂಡು, ಅದೇ ಕೈಯಲ್ಲಿ ಅಕ್ಕಿ ಅಳೆಯುವುದನ್ನು ನಾನೇ ನೋಡಿದ್ದೆ. ಆಗ ಈ ರೂಲು ಎಲ್ಲಿ ಮಲಗಿತ್ತು ಎಂದು ಕೇಳಬೇಕು ಅನ್ನಿಸಿತು. ಹೊಸ ರೂಲು ಅನ್ನುತ್ತಾರೆ, ಗೊತ್ತಿತ್ತು. ಪಂಪಿನ ಕಡೆ ನಡೆದೆ.

ಪೆಟ್ರೋಲ್ ಹಾಕುವುದು ಏನು ಮಹಾ ಎಂದುಕೊಂಡವರು ಷಿಕಾಗೋದ ಜನವರಿಯಲ್ಲಿ ಹಾಕಿ ನೋಡಬೇಕು. ಫ್ಯಾರನ್‌ಹೀಟ್ ಸೊನ್ನೆಯ ಕೆಳಗೆ ಇಳಿಯುತ್ತದೆ. ನಳಿಗೆಯ ಕಬ್ಬಿಣ ಕೈಗವಸಿನ ಒಳಗೂ ಕಚ್ಚುತ್ತದೆ. ಪೆಟ್ರೋಲು ಚೆಲ್ಲಿ ಗವಸು ನೆಂದರೆ ಬೆರಳು ಮೊದಲು ಉರಿಯುತ್ತವೆ, ಆಮೇಲೆ ಮರಗಟ್ಟುತ್ತವೆ. ಗಾಜು ಒರೆಸಬೇಕು. ಹಿಮ ಗೋರಬೇಕು. ಆ ವರ್ಷ ದೇಶಕ್ಕೇ ಪೆಟ್ರೋಲಿನ ಬರ ಬಂದಿತ್ತು. ಭಾನುವಾರ ಬಂಕುಗಳು ಮುಚ್ಚುತ್ತಿದ್ದವು. ಹಾಗಾಗಿ ಶನಿವಾರ ನಮ್ಮ ಹಿತ್ತಲಿನಿಂದ ಹಿಡಿದು ಚರ್ಚಿನ ತನಕ ಕಾರುಗಳು. ಬೈಗುಳ ತಿನ್ನುವವಳು ನಾನು. ಸೀರೆಯ ಮೇಲೆ ಗಂಡನ ಕೋಟು ಹಾಕಿಕೊಂಡು ನಿಂತಿರುತ್ತಿದ್ದೆ.

ಮೂತ್ರಕ್ಕೆ ಹೋಗಬೇಕಾದರೆ ಅಂಗಡಿಯೊಳಗಿನ ಕಕ್ಕಸು ನನಗಿಲ್ಲ. ರೈಲು ಸ್ಟೇಷನ್ನಿಗೆ ನಡೆಯಬೇಕು. ಹೋಗುವ ಪ್ರಸಂಗ ಬರಬಾರದೆಂದು ನೀರು ಕುಡಿಯುವುದನ್ನೇ ಬಿಟ್ಟೆ. ಕಾಫಿಯನ್ನು ಕೌಸಲ್ಯಾ ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು, ಗಾಜು ತಟ್ಟಿ, ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಕೈಗೆ ಯಾಕ ಕೊಡಂಗಿಲ್ರಿ ಅಕ್ಕಾರ?"

"ಅಯ್ಯೋ ಪೆಟ್ರೋಲ್ ವಾಸನೆ ಕಣ್ರೀ, ನಂಗೆ ತಲೆನೋವು ಬರುತ್ತೆ. ತಪ್ಪು ತಿಳ್ಕೋಬೇಡಿ."

ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಇದೇ ನನ್ನನ್ನು ಕೊಲ್ಲುತ್ತಿದ್ದದ್ದು. ನಮ್ಮೂರಲ್ಲಿ ಮುಖಕ್ಕೇ ಅಂದುಬಿಡುತ್ತಾರೆ, ದೂರ ನಿಲ್ಲು ಅಂತ. ಬೈದವರಿಗೆ ತಿರುಗಿ ಬೈಯಬಹುದು. ಇಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು. ಝೋನಿಂಗ್ ಇತ್ತು. ತಲೆನೋವು ಇತ್ತು. ನಾನೇ ಎಲ್ಲದಕ್ಕೂ ಹುಳುಕು ಹುಡುಕುವವಳೋ ಏನೋ ಎಂದು ನನ್ನ ಮೇಲೇ ನನಗೆ ಅನುಮಾನ ಬರತೊಡಗಿತು. ಪಂಪಿಗೆ ಬಂದ ನಮ್ಮವರು ನಗುವಾಗ ಯಾಕೆ ನಕ್ಕರು, ನಗದಿದ್ದಾಗ ಯಾಕೆ ನಗಲಿಲ್ಲ ಎಂದು ಲೆಕ್ಕ ಹಾಕುತ್ತಾ ನಿಲ್ಲುತ್ತಿದ್ದೆ.

ಕಲ್ಲಿನಾಥನಿಗೆ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಸುಮ್ನಿರ, ನೀಲಾ. ಇಲ್ಲಿ ಅವೆಲ್ಲ ಇಲ್ಲ."

"ಇಲ್ಲ ಅಂದ್ರ ನಾ ಯಾಕ ಹೊರಗದೀನಿ?"

"ಫ್ಯಾಕ್ಟರಿಯಾಗ ನಾನು ಬರೇ ಇಂಡಿಯನ್. ಮತ್ತೇನೂ ಅಲ್ಲ. ಹುಟ್ಟಿದ ಮ್ಯಾಲೆ ಮೊದಲನೇ ಸಲ ಹಂಗ ಅದೀನಿ. ಅದನ್ನ ಕೆದರಬ್ಯಾಡ."

ಅವನ ಭಯ ನನಗೆ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವನು ಬರೇ ಇಂಡಿಯನ್ ಆಗಿರಲಿ ಎಂದು ನಾನು ಹಿಮದಲ್ಲಿ ನಿಲ್ಲಬೇಕೇ?

ಜನವರಿಯ ಕೊನೆಗೆ ಬಲಗೈಯ ಎರಡು ಬೆರಳಿನ ತುದಿ ಬೆಳ್ಳಗಾದವು. ಮನೆಯಲ್ಲಿ ಬಿಸಿನೀರಿನಲ್ಲಿ ಅದ್ದಿದರೂ ಸ್ಪರ್ಶ ಮರಳಲಿಲ್ಲ. ಕಲ್ಲಿನಾಥನ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಸಿಗಲಿಲ್ಲ. ನಾಡಿ ಸಿಗದ ಕೈಯಿಂದ ನರ್ಸ್ ಏನು ಮಾಡುತ್ತಾಳೆ? ಅವತ್ತು ಬಚ್ಚಲಲ್ಲಿ ಕೂತು ಅತ್ತೆ. ಗಂಡನಿಗೆ ತೋರಿಸಲಿಲ್ಲ.

ಫೆಬ್ರವರಿಯಲ್ಲಿ ಊರಿನ ಝೋನಿಂಗ್ ಇನ್ಸ್‌ಪೆಕ್ಟರ್ ಬಂದ. ಡಡೆಕ್ ಎಂದು ಅವನ ಹೆಸರು, ದಪ್ಪ ಮನುಷ್ಯ. ಕಾರುಗಳ ಸಾಲು ಬೀದಿಗೆ ಬರುತ್ತಿದೆ ಎಂದು ದೂರು ಹೋಗಿತ್ತಂತೆ. ಟೇಪು ಹಿಡಿದು ಅಳೆದ. ಅಳೆದವನು ನನ್ನ ಕೈ ನೋಡಿದ.

"ಇಲ್ಲೇಕೆ ನಿಂತಿದ್ದೀಯ? ಕಾರಿಲ್ಲವಲ್ಲ. ಒಳಗೆ ಹೋಗಿ ಬೆಚ್ಚಗಾಗು," ಎಂದ.

"ನಿಮ್ಮ ಕಾನೂನು ಬಿಡುವುದಿಲ್ಲ," ಎಂದೆ.

"ಯಾವ ಕಾನೂನು?"

ಶೇಷಗಿರಿ ಹೇಳಿದ್ದನ್ನು ಹೇಳಿದೆ. ಡಡೆಕ್ ನಕ್ಕ. "ಕಾರಿಗೆ ನಳಿಗೆ ಹಾಕಿರುವಾಗ ನೀನು ಹತ್ತಿರ ಇರಬೇಕು, ಅಷ್ಟೇ. ಉಳಿದ ಹೊತ್ತು ಒಳಗೆ ಕೂತು ಕಿಟಕಿಯಿಂದ ನೋಡು. ನೀನು ಏನು ಮುಟ್ಟುತ್ತೀಯ, ಬಿಡುತ್ತೀಯ ಅದು ಝೋನಿಂಗ್ ಅಲ್ಲ. ಕೈ ತೊಳೆದುಕೋ, ಸಾಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅದುವರೆಗೆ ನನಗೆ ಬರೀ ಗಾದೆಯಾಗಿತ್ತು. ಡಡೆಕ್ ಹೋದ ಮೇಲೆ ಪಂಪಿಗೆ ಒರಗಿ ನಿಂತೆ. ನನ್ನ ಅನುಮಾನ ನಿಜವಾದದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಪಂಪು ಇರಬೇಕೋ ಮುಚ್ಚಬೇಕೋ ಎಂದು ಊರಿನ ವಿಲೇಜ್ ಹಾಲ್‌ನಲ್ಲಿ ಒಂದು ಸಂಜೆ ವಿಚಾರಣೆ ಇಟ್ಟರು. ಶೇಷಗಿರಿ ಸೂಟು ಹಾಕಿಕೊಂಡು ಬಂದರು. ಪಂಚಾಕ್ಷರಿ, ಜಯದೇವಿ, ಇನ್ನೂ ನಾಲ್ಕಾರು ಮನೆಯವರನ್ನು ಬೆಂಬಲಕ್ಕೆ ಕರೆತಂದಿದ್ದರು. ನನಗೂ ಬರಲು ಹೇಳಿದ್ದರು. ಕಲ್ಲಿನಾಥನೂ ಬಂದ. ಚರ್ಚಿನ ಪಕ್ಕದ ಮನೆಯ ಮುದುಕಿಯೊಬ್ಬಳು ಎದ್ದು, ಆ ಹೆಂಗಸನ್ನು ಇಡೀ ದಿನ ಚಳಿಯಲ್ಲಿ ನಿಲ್ಲಿಸುತ್ತಾರೆ, ನಾಯಿಯನ್ನೂ ಹಾಗೆ ಕಟ್ಟುವುದಿಲ್ಲ ಎಂದಳು. ಸಮಿತಿಯ ಅಧ್ಯಕ್ಷ ಶೇಷಗಿರಿಯ ಕಡೆ ನೋಡಿದ.

"ಅವಳು ನಮ್ಮ ಮನೆಯವಳಿದ್ದ ಹಾಗೆ," ಎಂದರು ಶೇಷಗಿರಿ ಇಂಗ್ಲಿಷಿನಲ್ಲಿ. "ಬಾಗಿಲು ಸದಾ ತೆರೆದಿದೆ. ಅವಳಿಗೇ ಹೊರಗಿರುವುದು ಇಷ್ಟ."

ಅಧ್ಯಕ್ಷ ನನ್ನನ್ನು ಕೇಳಿದ, ಹೌದೇ ಎಂದು. ಶೇಷಗಿರಿ ನಗುಮುಖದಲ್ಲೇ ನನ್ನತ್ತ ವಾಲಿದರು.

"ಹೌದು ಅಂದ್ಬಿಡಿ ನೀಲಗಂಗಾ. ಪಂಪ್ ಹೋದ್ರೆ ನಿಮ್ ಕೆಲಸಾನೂ ಹೋಗುತ್ತೆ."

ಕಲ್ಲಿನಾಥ ನನ್ನ ಮೊಣಕಾಲು ಅದುಮಿದ. ನಾನು ಎದ್ದು ನಿಂತೆ.

"ಅಲ್ಲ," ಎಂದೆ. "ಒಳಗೆ ಬರಬಾರದು ಎಂದಿದ್ದಾರೆ. ಅದು ನಿಮ್ಮ ಕಾನೂನು ಎಂದಿದ್ದಾರೆ."

ಡಡೆಕ್ ತಲೆ ಅಲ್ಲಾಡಿಸಿದ, ಅಂಥ ಕಾನೂನಿಲ್ಲ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏನೂ ಕೇಳಿರಲಿಲ್ಲ ಅವರನ್ನು. ಶೇಷಗಿರಿ ಮಾತ್ರ ತಡವರಿಸಲಿಲ್ಲ. ಇವಳಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಏನೋ ತಪ್ಪು ತಿಳಿದಿದ್ದಾಳೆ ಎಂದರು. ನಾನು ಇಂಗ್ಲಿಷಿನಲ್ಲೇ ಮಾತಾಡಿ ಮುಗಿಸಿದ್ದೆ. ಆದರೂ ಸಭೆಗೆ ಆ ಮಾತು ಹಿಡಿಸಿತು. ತಪ್ಪು ತಿಳಿವಳಿಕೆ ಅಂದರೆ ಎಲ್ಲರಿಗೂ ಹಗುರ. ಪಂಪು ಇರಲಿ, ಕಾರಿಲ್ಲದಾಗ ಆಳು ಒಳಗಿರಬೇಕು ಎಂದು ಹೊಸ ಷರತ್ತು ಹಾಕಿದರು. ಖಂಡಿತ, ಖಂಡಿತ ಎಂದರು ಶೇಷಗಿರಿ.

ಮರುದಿನ ಶನಿವಾರ. ಹಿಂಬಾಗಿಲು ನನಗಾಗಿ ತೆರೆದಿತ್ತು. ಒಳಗೆ ಬಾಗಿಲಿಗೆ ಹತ್ತಿಕೊಂಡೇ ಒಂದು ಸ್ಟೂಲು. ಸ್ಟೂಲಿನ ಕೆಳಗೆ ಹಳೆಯ ಪೇಪರ್ ಹಾಸಿತ್ತು. ಅದರಾಚೆ ಬಿಯರ್ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿದ್ದರು. ಚೀಲಗಳು ಪೆಟ್ಟಿಗೆಗಳ ಆಚೆ. ಜನ ಆಚೆ. ಶಾಖವೂ ಆಚೆ.

"ಬನ್ನಿ, ಕೂತ್ಕೊಳ್ಳಿ," ಎಂದರು ಕೌಸಲ್ಯಾ. "ಒಳಗೇ ಬಂದ್ರಲ್ಲ ಈಗ? ಸಮಾಧಾನ ಆಯ್ತಾ?"

ಕೂತೆ. ಸುಳ್ಳು ಹೇಳುವುದೇಕೆ, ಕೂತೆ. ಕಾಲು ಅಷ್ಟು ಸೋತಿದ್ದವು. ಪೆಟ್ಟಿಗೆಗಳ ಸಂದಿಯಿಂದ ನಮ್ಮವರ ಕೋಟುಗಳು ಕಾಣುತ್ತಿದ್ದವು. ಶನಿವಾರದ ಗುಂಪು. ದಿನಸಿ ಕೊಂಡರೆ ಮಾತ್ರ ಪೆಟ್ರೋಲು, ಹಾಗಾಗಿ ಎಲ್ಲರೂ ಅಕ್ಕಿ ಕೊಳ್ಳುತ್ತಿದ್ದರು. ಜಯದೇವಿಯ ದನಿ ಕೇಳಿಸಿತು. ಮೀಟಿಂಗಿನಲ್ಲಿ ಎಷ್ಟು ಮರ್ಯಾದೆ ಹೋಯಿತು ಎನ್ನುತ್ತಿದ್ದಳು. ಅವರ ಮರ್ಯಾದೆ. ಅದು ಕೇಳಿದ್ದೇ ಎದ್ದೆ.

ಹಿಂದಿನಿಂದ ಹೋಗಲಿಲ್ಲ. ಹೊರಗೆ ಬಂದು, ಓಣಿ ಬಳಸಿ, ಮುಂಬಾಗಿಲಿಗೆ ಹೋದೆ. ಬಾಗಿಲ ಗಂಟೆ ಬಡಿಯಿತು. ಎಲ್ಲರೂ ತಿರುಗಿದರು. ಗವಸು ಬಿಚ್ಚಿ ಕೋಟಿನ ಜೇಬಿಗೆ ಹಾಕಿದೆ. ನೇರ ಅಕ್ಕಿಯ ಚೀಲದ ಹತ್ತಿರ ಹೋಗಿ ಎರಡೂ ಕೈಯನ್ನು ಮೊಣಕೈ ತನಕ ಇಳಿಸಿದೆ. ಅಕ್ಕಿ ಬೆಚ್ಚಗಿತ್ತು. ಮರಗಟ್ಟಿದ ಆ ಎರಡು ಬೆರಳಿಗೆ ಮಾತ್ರ ಗೊತ್ತಾಗಲಿಲ್ಲ.

"ಏನ್ ಮಾಡ್ತಿದೀರ!" ಎಂದು ಕೂಗಿದರು ಕೌಸಲ್ಯಾ. "ಪೆಟ್ರೋಲ್ ಕೈ ಅದು!"

"ಇವತ್ತ ಇನ್ನೂ ಪಂಪ್ ಮುಟ್ಟಿಲ್ರಿ. ಬಂದು ಮೂಸಿ ನೋಡ್ರಿ."

ಕೈ ಚಾಚಿದೆ. ಅವರು ಹಿಂದೆ ಸರಿದು ಗೋಡೆಗೆ ತಾಗಿದರು. ಬೆಣ್ಣೆಯಂಥ ಮುಖ ಒಡೆದು ಹೋಯಿತು.

"ಚೀಲ ಪೂರ್ತಿ ಚೆಲ್ಲಬೇಕು ಇನ್ನು!" ಎಂದರು. "ನಿಮ್ಮೋರಿಗೆ ಸದರ ಕೊಟ್ರೆ ಹೀಗೇ ಆಗೋದು!"

ಅಂದರು. ಕೊನೆಗೂ ಅಂದರು. ನವೆಂಬರಿನಿಂದ ನಾನು ಕಾದಿದ್ದ ಮಾತು ಅವರ ಬಾಯಿಂದಲೇ, ಹತ್ತು ಜನರ ಮುಂದೆ, ಬಂತು. ನಾನು ಹುಚ್ಚಿ ಅಲ್ಲ. ನಾನು ಹುಳುಕು ಹುಡುಕುವವಳಲ್ಲ. ನನಗೆ ಅಷ್ಟು ಸಂತೋಷ ಆ ದೇಶದಲ್ಲಿ ಎಂದೂ ಆಗಿರಲಿಲ್ಲ.

"ಇದನ್ನೂ ಚೆಲ್ರಿ," ಎಂದು ತೊಗರಿಬೇಳೆಗೆ ಕೈ ಹಾಕಿದೆ. "ಇದನ್ನೂ." ಉದ್ದಿನಬೇಳೆ. "ಇದನ್ನೂ ಚೆಲ್ರಿ." ರವೆ. ಕಡಲೆಬೇಳೆ. ಒಂದೊಂದೇ ಚೀಲಕ್ಕೆ ಕೈ ಇಳಿಸಿ, ತಿರುವಿ, ಎತ್ತಿದೆ. ಯಾರೂ ನನ್ನನ್ನು ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು.

"ನೀಲಗಂಗಾ, ಗೆಟ್ ಔಟ್!" ಎಂದರು ಶೇಷಗಿರಿ.

"ಹೊಂಟೇನ್ರಿ. ನೀವು ಹೇಳಿದ್ದಕ್ಕಲ್ಲ. ನಿಮ್ಮ ಪಂಪಿನ ಮುಂದ ಇನ್ನ ನಾ ನಿಲ್ಲಂಗಿಲ್ಲ."

ಮುಂಬಾಗಿಲಿನಿಂದಲೇ ಹೊರಗೆ ಬಂದೆ. ಹಿತ್ತಲಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ದಿನಸಿ ಕೊಂಡ ಚೀಟಿ ಹಿಡಿದ ಬಿಳಿಯರು ಕೂಗುತ್ತಿದ್ದರು. ಆಳಿಲ್ಲದೆ ಹಾಕುವಂತಿಲ್ಲ. ಶೇಷಗಿರಿ ಸ್ವೆಟರಿನಲ್ಲೇ ಓಡಿ ಹೋದರು.

ನಾನು ಕೂಡಲೇ ಮನೆಗೆ ಹೋಗಲಿಲ್ಲ. ಎದುರು ಫುಟ್‌ಪಾತಿನಲ್ಲಿ, ಬ್ಯಾಂಕಿನ ಮುಂದೆ ನಿಂತು ಅಂಗಡಿಯ ಗಾಜಿನೊಳಗೆ ನೋಡಿದೆ. ಈಗ ಎಲ್ಲರೂ ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಯಾರೂ ಹೋಗಲಿಲ್ಲ. ಹೋಗುವುದು ಎಲ್ಲಿಗೆ? ಅಕ್ಕಿ ಬೇಳೆ ಬೇರೆ ಕಡೆ ಬೇಕೆಂದರೆ ಷಿಕಾಗೋ ನಗರದ ಡೆವನ್ ಅವೆನ್ಯೂವರೆಗೆ ಡ್ರೈವ್ ಮಾಡಬೇಕು. ಅಷ್ಟು ದೂರ ಹೋಗಿಬರಲು ಕಾರಿನಲ್ಲಿ ಪೆಟ್ರೋಲಿಲ್ಲ. ಪೆಟ್ರೋಲು ಬೇಕೆಂದರೆ ಇಲ್ಲಿ ದಿನಸಿ ಕೊಳ್ಳಬೇಕು. ನಾಳೆ ಭಾನುವಾರ, ಎಲ್ಲ ಬಂದ್.

ಒಳಗೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಜಯದೇವಿ ಕಿಟಕಿಯ ಕಡೆ ನೋಡಿದಳು. ನಾನು ನಿಂತಿರುವುದು ಕಂಡಿತು ಅವಳಿಗೆ. ಆಮೇಲೆ ಬೆನ್ನು ತಿರುಗಿಸಿ ತನ್ನ ಕೈಚೀಲದ ಬಾಯಿ ಬಿಡಿಸಿ ಹಿಡಿದಳು. ಕೌಸಲ್ಯಾ ಅಕ್ಕಿಯ ಚೀಲಕ್ಕೆ ಬಾಗಿ, ತೆಗೆದು, ತೂಗಿ, ಸುರಿದರು. ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಚೀಲ ಚಾಚಿದರು.

ಅವತ್ತು ಆ ಎಲ್ಲರ ಮನೆಯಲ್ಲೂ ನಾನು ಮುಟ್ಟಿದ ಅಕ್ಕಿಯೇ ಬೆಂದಿತು.